ಪ್ರಲಾಪವೋ, ಬಡಾಯಿಯೋ?

ಅರ್ಥವಾಗದ ಮಾತನ್ನೆಲ್ಲ ‘ಅಸಂಬದ್ಧ ಪ್ರಲಾಪ’ ಎಂದು ತಳ್ಳಿಹಾಕುವ ರೂಢಿ ನಮ್ಮ ನಾಟಕ ವಿಮರ್ಶೆಯಲ್ಲಿದೆ. ಬೈಗುಳಕ್ಕೆ ಇಷ್ಟು ಸಾಕು, ವಿಮರ್ಶೆಗೆ ಸಾಲದು. ಮಾತು ಯಾಕೆ ಅರ್ಥ ತಪ್ಪಿತು, ಆಡಿದವನ ಸ್ಥಿತಿ ಏನು ಎಂಬುದನ್ನು ಸೂಚಿಸಲು ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ.

ನಿದ್ದೆಯಲ್ಲಿ ಕನವರಿಸುತ್ತೇವೆ, ಜ್ವರದಲ್ಲಿ ಬಡಬಡಿಸುತ್ತೇವೆ; ಮಗು ತೊದಲುತ್ತದೆ. ಈ ಮೂರರಲ್ಲೂ ಆಡಿದವರ ತಪ್ಪಿಲ್ಲ. ಹರಟೆಗೆ ಜೊತೆ ಬೇಕು, ಬಿಡುವು ಬೇಕು. ಅದು ಪ್ರಬಂಧದ ಒಂದು ಬಗೆಯಾಗಿ ಮರ್ಯಾದೆಯನ್ನೂ ಪಡೆದಿದೆ. ಅದಕ್ಕೆ ‘ಕಾಡು’ ಸೇರಿದರೆ ಹೊತ್ತು ಹಾಳು; ‘ತಲೆ’ ಸೇರಿದರೆ ಉದ್ಧಟತನ. ಬಡಾಯಿಯ ಜಾತಿಯೇ ಬೇರೆ. ಕೈಲಾಸಂ ತಮ್ಮ ನಾಟಕಕ್ಕೆ ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂದು ಹೆಸರಿಟ್ಟದ್ದು ಎಷ್ಟು ಖಚಿತ! ಬಡಾಯಿಯ ಮಾತಿಗೆ ಅರ್ಥವುಂಟು, ಉದ್ದೇಶವೂ ಉಂಟು; ಇಲ್ಲದ್ದು ಬಂಡವಾಳ ಮಾತ್ರ.

ಅಮರಕೋಶವೂ ಹೀಗೆಯೇ ವಿಂಗಡಿಸುತ್ತದೆ. ಪ್ರಲಾಪವೆಂದರೆ ಅರ್ಥವಿಲ್ಲದ ಮಾತು, ವಿಲಾಪವೆಂದರೆ ಗೋಳು, ಸಂಲಾಪವೆಂದರೆ ಪರಸ್ಪರ ಮಾತುಕತೆ, ಅಪಲಾಪವೆಂದರೆ ಇದ್ದದ್ದನ್ನು ಮರೆಮಾಚುವುದು. ಧಾತು ಒಂದೇ, ಉಪಸರ್ಗ ಬೇರೆ. ಬಳಕೆಯಲ್ಲಿ ಪ್ರಲಾಪಕ್ಕೆ ಗೋಳಾಟದ ಅರ್ಥವೂ ಅಂಟಿಕೊಂಡಿರುವುದರಿಂದ ಎಚ್ಚರ ಹೆಚ್ಚು ಬೇಕು. ಮಗನನ್ನು ಕಳೆದುಕೊಂಡ ತಾಯಿಯ ಮಾತನ್ನು ‘ಅಸಂಬದ್ಧ ಪ್ರಲಾಪ’ ಎಂದರೆ ಅವಳ ದುಃಖಕ್ಕೇ ಅರ್ಥವಿಲ್ಲವೆಂದಂತೆ.

ಮಾತೇ ಮುರಿದು ಬೀಳುವ ನಾಟಕಗಳಲ್ಲಿ ಈ ವಿವೇಚನೆ ಇನ್ನೂ ಮುಖ್ಯ. ಬೆಕೆಟ್‌ನ ‘ವೇಯ್ಟಿಂಗ್ ಫಾರ್ ಗೋಡೋ’ 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂತು. ಅದರಲ್ಲಿ ಕೊರಳಿಗೆ ಹಗ್ಗ ಬಿದ್ದ ಲಕ್ಕಿಗೆ ಯಜಮಾನ ಪೋಟ್ಸೋ ಯೋಚಿಸುವಂತೆ ಅಪ್ಪಣೆ ಮಾಡುತ್ತಾನೆ. ಲಕ್ಕಿ ಪಂಡಿತರ ಮಾತಿನ ಚೂರುಗಳನ್ನು ತಡೆಯಿಲ್ಲದೆ ಸುರಿಯುತ್ತಾನೆ. ತಲೆಯ ಹ್ಯಾಟು ಕಿತ್ತ ಮೇಲೆಯೇ ನಿಲ್ಲುತ್ತಾನೆ. ಮಾತು ಅಸಂಬದ್ಧ, ನಿಜ. ಆದರೆ ಅಪ್ಪಣೆಯ ಮೇಲೆ ಯೋಚಿಸುವವನ ಮಾತು ಇನ್ನು ಹೇಗಿದ್ದೀತು? ಇಂಥ ನಾಟಕಗಳಿಗೆ ಕನ್ನಡ ವಿಮರ್ಶೆ ‘ಅಸಂಗತ’ ಎಂಬ ಪದವನ್ನು ಆರಿಸಿಕೊಂಡದ್ದು ಉಚಿತವಾಗಿದೆ. ಅಸಂಬದ್ಧವೆಂದರೆ ಒಂದು ಮಾತಿಗೂ ಇನ್ನೊಂದಕ್ಕೂ ನಂಟಿಲ್ಲ. ಅಸಂಗತವೆಂದರೆ ಮನುಷ್ಯನಿಗೂ ಅವನ ಲೋಕಕ್ಕೂ ಹೊಂದಿಕೆಯಿಲ್ಲ. ಮೊದಲನೆಯದು ಬರವಣಿಗೆಯ ದೋಷವಿದ್ದೀತು. ಎರಡನೆಯದು ನಾಟಕದ ವಸ್ತು.

ಹೊರನಾಡಿನ ನಮ್ಮ ಮನೆಗಳಲ್ಲಿ ‘ಬಕ್ವಾಸ್’ ಎಂಬ ಒಂದೇ ಪದ ಇವೆಲ್ಲವನ್ನೂ ನುಂಗುತ್ತಿದೆ. ಆಡುವಾಗ ಹೋಗಲಿ, ಬರೆಯುವಾಗಲಾದರೂ ಕನವರಿಕೆ ಯಾವುದು, ಬಡಾಯಿ ಯಾವುದು ಎಂದು ನೋಡಿ ಪದ ಹಾಕೋಣ. ಇಲ್ಲವಾದರೆ ನೊಂದವನ ಮಾತಿಗೂ ಸುಳ್ಳನ ಮಾತಿಗೂ ಒಂದೇ ತೀರ್ಪು ಕೊಟ್ಟಂತಾಗುತ್ತದೆ.