ಮೇರಿಗೆ ಯಾರೂ ಬೇಕಿರಲಿಲ್ಲ

‘ಕಾರ್ನಿವಲ್ ಆಫ್ ಸೋಲ್ಸ್’ ಚಿತ್ರದ ಬಗ್ಗೆ ಬರೆಯುವವರು ಎರಡು ಮಾತನ್ನು ತಪ್ಪದೆ ಹೇಳುತ್ತಾರೆ. ಒಂದು, ಕೊನೆಯ ತಿರುವಿನ ಮಾತು: ನಾಯಕಿ ಮೇರಿ ಹೆನ್ರಿ ಚಿತ್ರದ ಆರಂಭದಲ್ಲೇ ಸತ್ತುಹೋಗಿದ್ದಳು, ನಾವು ಅಷ್ಟು ಹೊತ್ತು ನೋಡಿದ್ದು ಸತ್ತವಳ ಅಲೆದಾಟ. ಇನ್ನೊಂದು, ಅದರ ಬಡತನದ ಮಾತು: ಕೈಯಲ್ಲಿ ಕಾಸಿಲ್ಲದ ಹವ್ಯಾಸಿಗಳು ಏನೋ ಮಾಡಲು ಹೋದರು, ಅವರಿಗೇ ಗೊತ್ತಿಲ್ಲದಂತೆ ಕನಸಿನಂಥ ಚಿತ್ರವೊಂದು ಹುಟ್ಟಿಬಿಟ್ಟಿತು. 1962ರಲ್ಲಿ ತೆರೆಗೆ ಬಂದು ಸೋತು, ಅಮೆರಿಕದ ಟಿವಿಗಳ ನಡುರಾತ್ರಿಯ ಪ್ರಸಾರದಲ್ಲಿ ಹೇಗೋ ಜೀವ ಹಿಡಿದುಕೊಂಡು, 1989ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದ ಈ ಕಪ್ಪು-ಬಿಳುಪು ಚಿತ್ರವನ್ನು ಜನ ಇವತ್ತಿಗೂ ಹುಡುಕಿಕೊಂಡು ನೋಡುತ್ತಾರೆ. ಅದಕ್ಕೆ ಕೊಡುವ ಈ ಎರಡು ಕಾರಣಗಳನ್ನೂ ನಾನು ಒಪ್ಪಲಾರೆ. ಮೊದಲನೆಯದು ಚಿತ್ರವನ್ನು ಬರೀ ಒಗಟಾಗಿಸುತ್ತದೆ. ಎರಡನೆಯದು ಅದನ್ನು ಮಾಡಿದವರ ದುಡಿಮೆಗೆ ಮಾಡುವ ಅವಮಾನ.

ತಿರುವು ಹೊಸದೇನೂ ಆಗಿರಲಿಲ್ಲ. ನೇಣಿಗೆ ಕೊರಳೊಡ್ಡಿದವನು ಹಗ್ಗ ಹರಿದು ತಪ್ಪಿಸಿಕೊಂಡು ಮನೆಯವರೆಗೂ ಬಂದೆನೆಂದುಕೊಳ್ಳುವ ಕಥೆಯನ್ನು ಆಂಬ್ರೋಸ್ ಬಿಯರ್ಸ್ 1890ರಲ್ಲೇ ಬರೆದಿದ್ದರು. 1960ರಲ್ಲಿ ‘ದಿ ಟ್ವಿಲೈಟ್ ಝೋನ್’ ಸರಣಿಯ ‘ದಿ ಹಿಚ್-ಹೈಕರ್’ ಕಂತು ಪ್ರಸಾರವಾಯಿತು. ಅಲ್ಲಿಯೂ ಒಬ್ಬಳೇ ಕಾರು ಓಡಿಸಿಕೊಂಡು ಹೋಗುವ ಹೆಂಗಸು, ದಾರಿಯುದ್ದಕ್ಕೂ ಎದುರಾಗುವ ಅದೇ ಅಪರಿಚಿತ, ಕೊನೆಗೆ ತಾನು ಆಗಲೇ ಸತ್ತಿದ್ದೇನೆಂಬ ಅರಿವು. ಇಷ್ಟಕ್ಕೂ ಸೇತುವೆಯಿಂದ ಕಾರು ನದಿಗೆ ಬಿದ್ದು, ಜೊತೆಗಿದ್ದವರು ಮುಳುಗಿಹೋಗಿ, ಮೂರು ಗಂಟೆಗಳ ಮೇಲೆ ಮೈಯೆಲ್ಲ ಕೆಸರು ಮೆತ್ತಿಕೊಂಡು ಒಬ್ಬಳೇ ಮರಳದಂಡೆಗೆ ತೂರಾಡುತ್ತ ಹತ್ತಿ ಬಂದಾಗಲೇ ಕಣ್ಣು ಬಿಟ್ಟು ನೋಡುವವರಿಗೆ ವಿಷಯ ತಿಳಿದುಹೋಗುತ್ತದೆ. ತಿರುವೇ ಬಂಡವಾಳವಾಗಿದ್ದರೆ ಯಾರೂ ಇದನ್ನು ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ಈ ಚಿತ್ರವನ್ನು ಕಾಪಾಡಿಕೊಂಡು ಬಂದವರು ಮತ್ತೆ ಮತ್ತೆ ನೋಡಿದವರೇ.

ಇನ್ನು ಹವ್ಯಾಸಿಗಳ ಮಾತು. ನಿರ್ದೇಶಕ ಹರ್ಕ್ ಹಾರ್ವಿ ಕನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಸೆಂಟ್ರಾನ್ ಎಂಬ ಸಂಸ್ಥೆಯಲ್ಲಿ ಸಂಬಳಕ್ಕಿದ್ದ ಚಿತ್ರ ತಯಾರಕ. ಶಾಲೆಗಳಿಗೆ ಪಾಠದ ಚಿತ್ರ, ಕಾರ್ಖಾನೆಗಳಿಗೆ ತರಬೇತಿಯ ಚಿತ್ರ ಮಾಡುವುದು ಸೆಂಟ್ರಾನ್‌ನ ಕಸುಬು. ಹಾರ್ವಿ ಅಂಥವನ್ನು ನೂರಾರು ಮಾಡಿದರು. ಭಾರಿ ಯಂತ್ರಗಳ ನಡುವೆ ದುಡಿಯುವವರನ್ನು ಎಚ್ಚರಿಸಲು ಅವರು ಮುಂದೆ ಮಾಡಿದ ‘ಶೇಕ್ ಹ್ಯಾಂಡ್ಸ್ ವಿತ್ ಡೇಂಜರ್’ ಎಂಬ ಕಿರುಚಿತ್ರ ನೋಡಿದರೆ ಅವರ ಕೈ ಎಂಥದೆಂದು ಗೊತ್ತಾಗುತ್ತದೆ. ಹಾಡುಹಗಲು, ಮಾಮೂಲಿ ಕೆಲಸ, ಒಂದು ಸಣ್ಣ ಅಜಾಗ್ರತೆ, ಆಮೇಲೆ ತಡೆಯಲಾಗದ ಅನಾಹುತ. ಹೆದರಿಸುವುದು ಹೇಗೆಂದು ಈ ಮನುಷ್ಯ ಕಲಿತದ್ದು ಪಾಳು ಬಂಗಲೆಗಳಲ್ಲಲ್ಲ, ಬೆಳಕು ತುಂಬಿದ ಕಾರ್ಖಾನೆಯ ಅಂಗಳಗಳಲ್ಲಿ.

ಕ್ಯಾಲಿಫೋರ್ನಿಯಾದಿಂದ ಊರಿಗೆ ಮರಳುವ ದಾರಿಯಲ್ಲಿ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ದಂಡೆಯ ಸಾಲ್ಟೇರ್ ಮಂಟಪ ಹಾರ್ವಿಯ ಕಣ್ಣಿಗೆ ಬಿತ್ತು. 1893ರಲ್ಲಿ ಸ್ನಾನಕ್ಕೆ, ನೃತ್ಯಕ್ಕೆ ಬರುವವರಿಗಾಗಿ ಕಟ್ಟಿ, ಒಮ್ಮೆ ಬೆಂಕಿಗೆ ಸಿಕ್ಕು ಮತ್ತೆ ಎದ್ದು, ಸರೋವರದ ನೀರು ಹಿಂದೆ ಸರಿದ ಮೇಲೆ ಜನ ಬಿಟ್ಟುಹೋದ ಜಾಗವದು. ಆ ಜಾಗವನ್ನಿಟ್ಟುಕೊಂಡು ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಕಥೆ ಬರೆದರು. ಹಾರ್ವಿ ಮೂರು ವಾರ ರಜೆ ಹಾಕಿದರು, ಸುಮಾರು ಮೂವತ್ತು ಸಾವಿರ ಡಾಲರ್ ಖರ್ಚಿನಲ್ಲಿ, ಬೆರಳೆಣಿಕೆಯ ತಂಡದೊಂದಿಗೆ ಚಿತ್ರ ಮುಗಿಸಿದರು. ನಾಯಕಿಯ ಪಾತ್ರಕ್ಕೆ ನ್ಯೂಯಾರ್ಕ್‌ನಲ್ಲಿ ಲೀ ಸ್ಟ್ರಾಸ್‌ಬರ್ಗ್ ಬಳಿ ಕಲಿತ ಕ್ಯಾಂಡೇಸ್ ಹಿಲಿಗಾಸ್ ಬಂದರು. ಮೇರಿಯನ್ನು ಹಿಂಬಾಲಿಸುವ ಬಿಳಿ ಮುಖದ ಪ್ರೇತದ ವೇಷವನ್ನು ಹಾರ್ವಿ ತಾವೇ ಹಾಕಿಕೊಂಡರು. ಕುಂದುಗಳಿಲ್ಲವೆಂದು ಹೇಳುತ್ತಿಲ್ಲ. ಹಲವು ಕಡೆ ಮಾತಿಗೂ ತುಟಿಗೂ ತಾಳೆಯಾಗುವುದಿಲ್ಲ, ಸಣ್ಣಪುಟ್ಟ ಪಾತ್ರಗಳು ಬಾಯಿಪಾಠ ಒಪ್ಪಿಸುತ್ತವೆ. ಆದರೆ ಈ ಕುಂದುಗಳಿಂದಲೇ ಚಿತ್ರಕ್ಕೆ ಕಳೆ ಬಂತು ಎನ್ನುವುದು ಯಾವ ನ್ಯಾಯ? ಅಮೆರಿಕದ ಡ್ರೈವ್-ಇನ್‌ಗಳಲ್ಲಿ ಇದೇ ಚಿತ್ರದ ಜೋಡಿಯಾಗಿ ‘ದಿ ಡೆವಿಲ್ಸ್ ಮೆಸೆಂಜರ್’ ಓಡಿತು. ಅದೂ ಅಗ್ಗದ್ದೇ, ಟಿವಿ ಸರಣಿಯೊಂದರ ಕಂತುಗಳನ್ನು ಹೊಲಿದು ಮಾಡಿದ್ದು. ಸೈತಾನನಾಗಿ ಲಾನ್ ಚೇನಿ ಜೂನಿಯರ್‌ನಂಥ ಹೆಸರಾಂತ ನಟ ಬೇರೆ. ಬಡತನವೇ ಕಾವ್ಯವಾಗುವುದಿದ್ದರೆ ಅದಕ್ಕೂ ಇಷ್ಟೇ ಅಭಿಮಾನಿಗಳಿರಬೇಕಿತ್ತು.

ಹಕ್ಕುಸ್ವಾಮ್ಯದ ಸೂಚನೆ ಹಾಕದೆ ಬಿಟ್ಟಿದ್ದರಿಂದ ಚಿತ್ರ ಎಲ್ಲರ ಸೊತ್ತಾಯಿತು, ಬಿಟ್ಟಿ ಸಿಕ್ಕಿದ್ದಕ್ಕೇ ಉಳಿಯಿತು ಎಂಬ ವಾದವೂ ಇದೆ. ಬಿಟ್ಟಿ ಸಿಗುವುದರಿಂದ ನೋಡುವುದು ಸುಲಭವಾಗುತ್ತದೆ, ಸರಿ. ಹಾಗೆ ಸಿಗುವ ಹಳೆಯ ಭಯದ ಚಿತ್ರಗಳು ರಾಶಿ ಬಿದ್ದಿವೆ. ಅವುಗಳಲ್ಲಿ ಬಹುಪಾಲನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಲಾಗುವುದಿಲ್ಲ.

ಹಾರ್ವಿಯ ಕೈಚಳಕ ಏನೆಂದು ತಿಳಿಯಲು ಬಟ್ಟೆ ಅಂಗಡಿಯ ದೃಶ್ಯವೊಂದನ್ನು ನೋಡಿದರೆ ಸಾಕು. ಮೇರಿ ಹೊಸ ಉಡುಪು ಹಾಕಿ ನೋಡುತ್ತಿದ್ದಾಳೆ. ಚಿತ್ರ ನೀರಿನಂತೆ ಒಮ್ಮೆ ಅಲುಗುತ್ತದೆ. ಹೊರಗೆ ಬರುತ್ತಾಳೆ, ಅಂಗಡಿಯ ಗದ್ದಲವೆಲ್ಲ ಮಾಯ. ಮಾರುವ ಹೆಂಗಸನ್ನು ಕರೆಯುತ್ತಾಳೆ, ಆಕೆ ತಿರುಗಿಯೂ ನೋಡುವುದಿಲ್ಲ. ಬೀದಿಗಿಳಿದರೆ ಅಲ್ಲೂ ಅಷ್ಟೇ: ವಾಹನಗಳು ಓಡುತ್ತಿವೆ, ಜನ ನಡೆಯುತ್ತಿದ್ದಾರೆ, ಯಾವುದರ ಸದ್ದೂ ಇಲ್ಲ. ಕೊನೆಗೆ ಉದ್ಯಾನದ ಮರದ ಬುಡದಲ್ಲಿ ಹಕ್ಕಿಯೊಂದರ ಉಲಿ ಕೇಳುತ್ತದೆ, ಅದರ ಬೆನ್ನಿಗೇ ಊರಿನ ಸದ್ದು ಮರಳುತ್ತದೆ. ಇದಕ್ಕೆ ತಗುಲಿದ ಖರ್ಚು ಎಷ್ಟು? ಧ್ವನಿಪಟ್ಟಿಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮತ್ತೆ ಸೇರಿಸಬೇಕೆಂಬ ತೀರ್ಮಾನವಷ್ಟೇ. ಕಿರುಚಾಟದ ಸಂಗೀತ ಸುರಿಯುವ ಬದಲು ಸದ್ದನ್ನೇ ಕಿತ್ತುಕೊಳ್ಳಬೇಕೆಂದು ಹೊಳೆದದ್ದು ಆಕಸ್ಮಿಕವಲ್ಲ. ಬಸ್ ನಿಲ್ದಾಣದಲ್ಲಿ ಇದೇ ತಂತ್ರ ಇನ್ನಷ್ಟು ಬಿಗಿಯಾಗಿ ಮರಳಿ ಬರುತ್ತದೆ. ಜೀನ್ ಮೂರ್ ಅವರ ಆರ್ಗನ್ ಸಂಗೀತವನ್ನು ಬಳಸಿದ ರೀತಿಯಲ್ಲೂ ಇದೇ ಲೆಕ್ಕಾಚಾರ ಕಾಣುತ್ತದೆ. ಮೇರಿ ಚರ್ಚಿನ ಆರ್ಗನ್ ವಾದಕಿ. ಚಿತ್ರದ ಹಿನ್ನೆಲೆಯಲ್ಲೂ ಆರ್ಗನ್ನೇ, ರಾತ್ರಿ ಕಾರಿನ ರೇಡಿಯೋ ತಿರುಗಿಸಿದರೂ ಆರ್ಗನ್ನೇ. ಯಾವುದು ಅವಳು ನುಡಿಸಿದ್ದು, ಯಾವುದು ಅವಳನ್ನು ಕರೆಯುತ್ತಿರುವುದು ಎಂಬ ಗೆರೆ ಮೆಲ್ಲಗೆ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಕುಶಲತೆ ಯಾಕಾಗಿ ಎಂದು ಕೇಳಿದರೆ ಉತ್ತರ ಮೇರಿಯೇ. ವಿಮರ್ಶಕರ ಮೇಲೆ ನನ್ನ ದೊಡ್ಡ ತಕರಾರು ಇಲ್ಲಿದೆ. ಅವಳು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ನಗುವುದು ಅಪರೂಪ, ಚರ್ಚಿನ ಕೆಲಸವನ್ನು ಭಕ್ತಿಯಿಂದಲ್ಲ ಸಂಬಳಕ್ಕಾಗಿ ಮಾಡುತ್ತಾಳೆ. ಇದನ್ನೆಲ್ಲ ಸತ್ತವಳ ಲಕ್ಷಣವೆಂದು ಓದಿ ಕೈತೊಳೆದುಕೊಳ್ಳುತ್ತಾರೆ. ಆದರೆ ಸಾಯುವ ಮೊದಲಿನ ಮೇರಿಯನ್ನು ನೋಡಿ. ಕಾರುಗಳು ಪಂದ್ಯಕ್ಕೆ ಬಿದ್ದು ಓಡುವಾಗ ಜೊತೆಯ ಹುಡುಗಿಯರು ಕೇಕೆ ಹಾಕುತ್ತಾರೆ. ಅವಳೊಬ್ಬಳು ಮುದುಡಿ ಕೂತಿದ್ದಾಳೆ. ಅವಳ ಸ್ವಭಾವವೇ ಅದು. ಅವಳಿಗೆ ಗುಂಪು ಬೇಡ, ಒಂದು ಕೆಲಸ, ಒಂದು ಕೋಣೆ ಇದ್ದರೆ ಸಾಕು. 1962ರ ಅಮೆರಿಕದ ಸಣ್ಣ ಊರುಗಳಲ್ಲಿ ಒಂಟಿ ಹೆಣ್ಣು ಬಯಸಬಾರದ್ದೂ ಅದೇ. ಆದ್ದರಿಂದ ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳುತ್ತಾರೆ. ನುಡಿಸಾಣಿಕೆಯಲ್ಲಿ ಒಂದಿಷ್ಟು ಆತ್ಮವಿರಲಿ ಎನ್ನುತ್ತಾನೆ ಆರ್ಗನ್ ಕಾರ್ಖಾನೆಯಲ್ಲಿ ಸಿಗುವ ಹಿರಿಯ. ಜನರಿಂದ ದೂರವಿದ್ದು ಬದುಕಲಾಗದು ಎನ್ನುತ್ತಾನೆ ಪಾದ್ರಿ. ಅವಳ ಬೆರಳುಗಳು ಸ್ತುತಿಗೀತೆಯಿಂದ ಬೇರೇನೋ ರಾಗಕ್ಕೆ ಜಾರಿದಾಗ ಕೆಲಸದಿಂದ ತೆಗೆಯುವವನೂ ಅವನೇ. ದಾರಿಯಲ್ಲಿ ಸಿಕ್ಕ ವೈದ್ಯ ಕೇಳದೆಯೇ ಅವಳ ಮನಸ್ಸನ್ನು ಬಿಡಿಸಿ ನೋಡಲು ಕೂರುತ್ತಾನೆ. ಎದುರು ಕೋಣೆಯ ಜಾನ್ ಲಿಂಡನ್ ಅವಳು ಬಟ್ಟೆ ಹಾಕಿಕೊಳ್ಳುವಾಗ ಇಣುಕುತ್ತಾನೆ, ಬೆಳಗಿನ ಕಾಫಿಗೇ ಮದ್ಯ ಬೆರೆಸುತ್ತಾನೆ, ಬಾಗಿಲು ಬಿಟ್ಟು ಕದಲುವುದಿಲ್ಲ.

ಇವರೆಲ್ಲರ ಪಕ್ಕದಲ್ಲೇ ಆ ಬಿಳಿ ಮುಖದವನು. ಅವನೂ ಅವಳ ಬೆನ್ನು ಬಿಡುವುದಿಲ್ಲ, ಅವನದೂ ಒಂದು ಗುಂಪಿದೆ, ಅವರೂ ಸಾಲ್ಟೇರ್‌ನಲ್ಲಿ ಜೋಡಿ ಜೋಡಿಯಾಗಿ ಕುಣಿಯುತ್ತ ಅವಳನ್ನು ತಮ್ಮೊಳಕ್ಕೆ ಎಳೆದುಕೊಳ್ಳಲು ಕಾದಿದ್ದಾರೆ. ಬದುಕಿದವರ ಲೋಕಕ್ಕೂ ಸತ್ತವರ ಲೋಕಕ್ಕೂ ಅವಳಿಂದ ಬೇಕಾದದ್ದು ಒಂದೇ: ನಮ್ಮ ಜೊತೆ ಸೇರು. ಚಿತ್ರದ ಅತಿ ಕಠೋರ ದೃಶ್ಯದಲ್ಲಿ ಪ್ರೇತದ್ದು ಒಂದು ಕ್ಷಣದ ಪಾತ್ರ ಮಾತ್ರ. ಒಂಟಿಯಾಗಿರಲು ಕೊನೆಗೂ ಹೆದರಿದ ಮೇರಿ ಲಿಂಡನ್‌ನ ಜೊತೆ ಹೊರಗೆ ಹೋಗುತ್ತಾಳೆ, ಇಷ್ಟವಿಲ್ಲದ ಅವನ ಕೈಯನ್ನೂ ಸಹಿಸುತ್ತಾಳೆ. ಕನ್ನಡಿಯಲ್ಲಿ ಆ ಮುಖ ಕಂಡು ಚೀರಿದಾಗ, ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವನು ಹೊರಟೇಬಿಡುತ್ತಾನೆ. ಅವಳು ಬೇಡವೆಂದಷ್ಟು ದಿನ ಬೆನ್ನು ಹತ್ತಿದವನು ಬೇಕೆಂದ ರಾತ್ರಿ ನಿಲ್ಲಲಿಲ್ಲ. ಹಿಲಿಗಾಸ್ ಇಲ್ಲಿ ಕರುಣೆಗಾಗಿ ಅಂಗಲಾಚುವ ಅಭಿನಯ ಮಾಡುವುದಿಲ್ಲ. ದೊಡ್ಡ ಕಣ್ಣುಗಳನ್ನು ಅರಳಿಸಿಕೊಂಡು ಬಾಗಿಲಿಗೆ ಪೀಠೋಪಕರಣ ಅಡ್ಡವಿಡುವ ಆ ಹೆಣ್ಣು ನನಗೆ ಯಾವ ಪ್ರೇತಕ್ಕಿಂತಲೂ ಹೆಚ್ಚು ನಿಜ. ಗುಂಪಿಗೆ ಸೇರದೆ ಬದುಕಲು ನೋಡಿ ಸುಸ್ತಾದವರಿಗೆ ಈ ಚಿತ್ರ ಮತ್ತೆ ಮತ್ತೆ ಬೇಕಾಗುವುದು ಇಂಥ ದೃಶ್ಯಗಳಿಗಾಗಿ.

ನಾವು ಕಂಡ ಪ್ರೇತಕಥೆಗಳಲ್ಲಿ ಸಾಮಾನ್ಯವಾಗಿ ಒಂದು ಲೆಕ್ಕ ಚುಕ್ತಾ ಆಗಬೇಕಿರುತ್ತದೆ. ‘ಆಪ್ತಮಿತ್ರ’ದ ನಾಗವಲ್ಲಿಗೂ ತೀರದ ಸೇಡಿದೆ. ಮೇರಿಗೆ ಯಾರ ಮೇಲೂ ಸೇಡಿಲ್ಲ, ಅವಳನ್ನು ಅಟ್ಟಿಸಿಕೊಂಡು ಬರುವವನಿಗೂ ಇಲ್ಲ. ಈ ಕಾರಣವಿಲ್ಲದಿರುವಿಕೆಯ ಬೆಲೆ 1998ರಲ್ಲಿ ಗೊತ್ತಾಯಿತು. ವೆಸ್ ಕ್ರೇವನ್ ಹೆಸರಿನ ಬಲದಲ್ಲಿ ಆ್ಯಡಮ್ ಗ್ರಾಸ್‌ಮನ್ ಇದೇ ಶೀರ್ಷಿಕೆಯ ಚಿತ್ರ ಮಾಡಿದರು. ಅದರಲ್ಲಿ ನಾಯಕಿಯ ತಾಯಿಯನ್ನು ಕೊಂದ ಸರ್ಕಸ್ ವಿದೂಷಕನೊಬ್ಬನನ್ನು ತಂದು, ಅವಳ ಭಯಕ್ಕೆ ಬಾಲ್ಯದ ಗಾಯವೊಂದನ್ನು ಕಾರಣವಾಗಿ ಕೊಟ್ಟರು. ಬಣ್ಣ ಬಂತು, ಮೇಕಪ್ ಬಂತು, ಸತ್ತವಳ ಅದೇ ತಿರುವನ್ನೂ ಉಳಿಸಿಕೊಂಡರು. ಆದರೆ ಯಾರ ಹಂಗೂ ಬೇಡವೆಂದ ಆ ಆರ್ಗನ್ ವಾದಕಿಯನ್ನು ಮಾತ್ರ ಕೈಬಿಟ್ಟರು. ಆ ಚಿತ್ರವನ್ನು ಈಗ ಯಾರೂ ಹುಡುಕುವುದಿಲ್ಲ.