ಚಿನ್ನದವನ ಬೆಳ್ಳಿ ಕಾಲು

ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಜೋಡಿ ರೋಬಾಟ್‌ಗಳಿವೆ: 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಸಿ-ತ್ರೀಪಿಓ ಮತ್ತು ಆರ್‌ಟೂ-ಡೀಟೂ.

ಮೊದಲು ಕಣ್ಣು ಕೋರೈಸುವುದು ತ್ರೀಪಿಓನ ಚಿನ್ನದ ಮೈ. ಆದರೆ ಬಲಗಾಲು ನೋಡಿ, ಮೊಣಕಾಲಿನ ಕೆಳಗೆ ಬೆಳ್ಳಿ ಬಣ್ಣ! ಸಿನಿಮಾವನ್ನು ಹತ್ತಾರು ಸಲ ನೋಡಿದವರೂ ಇದನ್ನು ಗಮನಿಸಿರುವುದಿಲ್ಲ. ಮರುಭೂಮಿಯ ಮರಳು, ಪಕ್ಕದ ಕಾಲಿನ ಹೊಳಪು ಪ್ರತಿಫಲಿಸಿ ಅದೂ ಚಿನ್ನವಾಗಿಯೇ ಕಾಣುತ್ತಿತ್ತು. ಹೊಟ್ಟೆಯ ಭಾಗದಲ್ಲಿ ಕವಚವಿಲ್ಲ, ಬಣ್ಣಬಣ್ಣದ ವೈರುಗಳ ಗೊಂಚಲು. ಒಳಗಿದ್ದ ನಟ ಆಂಟನಿ ಡೇನಿಯಲ್ಸ್‌ಗೆ ನಡು ಬಳುಕಿಸಲು ಸಿಕ್ಕ ಜಾಗ ಅಷ್ಟೇ. ಮುಖ ಕಡೆದವರು ಲಿಜ್ ಮೂರ್. ತುಟಿ ಅಲುಗದ, ರೆಪ್ಪೆ ಬಡಿಯದ ಆ ಮುಖದಲ್ಲಿ ಸದಾ ಗಾಬರಿ ಕಾಣುವಂತೆ ಮಾಡಿದ್ದು ಸಾಮಾನ್ಯ ಕೈಚಳಕವಲ್ಲ. 1977ರಲ್ಲಿ ಮೊದಲ ಚಿತ್ರ ತೆರೆಕಂಡಾಗ ನೋಡಲು ಅವರೇ ಇರಲಿಲ್ಲ.

ಗಿಡ್ಡ ಆರ್‌ಟೂಗೆ ಮುಖವೇ ಇಲ್ಲ. ಗುಮ್ಮಟದ ತಲೆ, ಒಂದೇ ಕಪ್ಪು ಕಣ್ಣು. ಕೆಲವು ದೃಶ್ಯಗಳಲ್ಲಿ ಒಳಗೆ ಕೂತು ಅಲುಗಾಡಿಸುತ್ತಿದ್ದವರು ಸುಮಾರು 112 ಸೆಂ.ಮೀ. ಎತ್ತರದ ಕೆನ್ನಿ ಬೇಕರ್. ಉಳಿದೆಡೆ ರಿಮೋಟ್ ಕಂಟ್ರೋಲ್. ದನಿ ಮಾತ್ರ ಬೆನ್ ಬರ್ಟ್ ಅವರ ಕರಾಮತ್ತು. ಸಿಂಥಸೈಜರ್ ನಾದಕ್ಕೆ ಅವರು ತಮ್ಮದೇ ಬಾಯಿಂದ ಹೊರಡಿಸಿದ ಮಗುವಿನ ತೊದಲು ಬೆರೆಸಿದರು. ಮಾತೇ ಬಾರದ ಯಂತ್ರ ಮುನಿಸಿಕೊಂಡಿದೆಯೋ, ಹಂಗಿಸುತ್ತಿದೆಯೋ ಎಂಬುದು ನಮಗೆ ತಿಳಿಯುವುದು ಆ ಬೆರಕೆಯಿಂದಲೇ.