ಬಲೂನಿನಿಂದ ಕಾಣದ ಬಾಡಿಗೆ ಮನೆ

ಟರ್ಕಿಯ ಕಪಡೋಕಿಯ ಎಂದರೆ ಕಣ್ಣಿಗೆ ಬರುವುದು ಒಂದೇ ಚಿತ್ರ: ನಸುಕಿನ ಬೆಳಕು, ಅಣಬೆಯಂಥ ಬಂಡೆಗಳು, ಮೇಲೆ ತೇಲುವ ಬಣ್ಣದ ಬಲೂನುಗಳು. ಬಂಡೆಗಳ ಮೈಮೇಲೆ ಕಪ್ಪು ತೂತುಗಳು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲನ್ನು ಕೊರೆದು ಜನ ತಲೆಮಾರುಗಳ ಕಾಲ ಬಾಳಿದ ಮನೆಗಳವು. ಬಂಡೆ ಕುಸಿಯುವ ಭಯದಿಂದ ಜೆಲ್ವೆ ಎಂಬ ಊರನ್ನು 1952ರಲ್ಲಿ ಖಾಲಿ ಮಾಡಿಸಿದರು. ಬಲೂನಿನ ಎತ್ತರದಿಂದ ಇದೆಲ್ಲ ಬರೀ ಚೆಲುವು.

ನೂರಿ ಬಿಲ್ಗೆ ಜೇಲಾನ್ ಅವರ ‘ವಿಂಟರ್ ಸ್ಲೀಪ್’ (2014) ಈ ಸೀಮೆಯದೇ ಕಥೆ. ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಪಡೆದ 196 ನಿಮಿಷಗಳ ಈ ಚಿತ್ರ ಹೆಚ್ಚು ಹೊತ್ತು ಕಳೆಯುವುದು ಮಂದ ಬೆಳಕಿನ ಕೋಣೆಗಳಲ್ಲಿ, ಮಾತಿನಲ್ಲಿ. ಬಂಡೆಯೊಳಗಿನ ಹೋಟೆಲಿನ ಒಡೆಯ ಐದಿನ್ ಒಂದು ಕಾಲದ ನಟ. ಸ್ಥಳೀಯ ಪತ್ರಿಕೆಗೆ ಅಂಕಣ ಬರೆದು ಜನರಿಗೆ ಬುದ್ಧಿ ಹೇಳುವವ. ಊರಲ್ಲಿ ಅವನ ಬಾಡಿಗೆ ಮನೆಗಳಿವೆ. ಬಾಕಿಗಾಗಿ ಬಡವರ ಮನೆಯ ಸಾಮಾನು ಜಪ್ತಿಯಾದರೂ ಆ ಕೆಲಸ ಮಾಡುವವರು ಬೇರೆಯವರು. ಅವನ ಕೈ ಶುಭ್ರ. ಅಂಥ ಮನೆಯ ಹುಡುಗನೊಬ್ಬ ಅವನ ಗಾಡಿಗೆ ಕಲ್ಲೆಸೆಯುತ್ತಾನೆ. ಅಲ್ಲಿಯವರೆಗೆ ನೋಟವಾಗಿದ್ದ ಕಲ್ಲು ಆ ಕ್ಷಣದಲ್ಲಿ ಮಾತಾಗುತ್ತದೆ. ಬಲೂನಿಗೇರದೆಯೂ ಮೇಲಿನಿಂದ ನೋಡುವ ಮನುಷ್ಯನನ್ನು ಜೇಲಾನ್ ಇಷ್ಟು ನಿಖರವಾಗಿ ಹಿಡಿದಿದ್ದಾರೆ.

ಆದರೂ ನನ್ನದೊಂದು ತಕರಾರಿದೆ. ಮೂರು ಗಂಟೆಯ ಮಾತಿನಲ್ಲಿ ಸಿಂಹಪಾಲು ಉಳ್ಳವರದೇ. ಕಲ್ಲೆಸೆದ ಹುಡುಗ ಹೆಚ್ಚೂಕಡಿಮೆ ಮೂಕ. ಐದಿನ್‌ನ ಹೆಂಡತಿ ನಿಹಾಲ್ ತಂದುಕೊಟ್ಟ ಹಣದ ಕಟ್ಟನ್ನು ಹುಡುಗನ ಅಪ್ಪ ಇಸ್ಮಾಯಿಲ್ ಬೆಂಕಿಗೆ ಹಾಕುವ ದೃಶ್ಯ ಮೈ ನಡುಗಿಸುತ್ತದೆ, ನಿಜ. ಆದರೆ ಮರುದಿನ ಆ ಮನೆಯಲ್ಲಿ ಒಲೆ ಹೊತ್ತಿತೇ ಎಂದು ಕ್ಯಾಮೆರಾ ಕೇಳುವುದಿಲ್ಲ. ಅದು ಹೋಟೆಲಿಗೇ ಹಿಂತಿರುಗುತ್ತದೆ. ಒಡೆಯನ ಆತ್ಮವಿಮರ್ಶೆ ಎಷ್ಟೇ ಪ್ರಾಮಾಣಿಕವಾಗಿರಲಿ, ಬಾಡಿಗೆದಾರನ ಕಥೆಗೆ ಅದು ಬದಲಿಯಲ್ಲ.

ಇದು ನಮಗೆ ದೂರದ ಮಾತಲ್ಲ. ಹಂಪಿಯ ಹೆಬ್ಬಂಡೆಗಳನ್ನೂ ಈಗ ನಾವು ಡ್ರೋನ್ ಕಣ್ಣಿಂದಲೇ ಮೆಚ್ಚುತ್ತೇವೆ. ವಿರೂಪಾಕ್ಷನ ಗುಡಿಯ ಎದುರಿನ ಬೀದಿ ಮೇಲಿನಿಂದ ಎಷ್ಟು ಚೊಕ್ಕಟ! ಆ ಚೊಕ್ಕಟತನಕ್ಕೊಂದು ತಾರೀಖಿದೆ: 2011ರ ಜುಲೈ. ಕಲ್ಲು ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಆಗ ಎಬ್ಬಿಸಿ ಕಳಿಸಲಾಯಿತು. ಸ್ಮಾರಕ ಉಳಿಯಬೇಕೆಂಬ ವಾದ ಸುಳ್ಳಲ್ಲ. ಆದರೆ ಖಾಲಿ ಮಂಟಪವನ್ನು ಚೆಂದವೆನ್ನುವಾಗ, ಖಾಲಿಯಾದದ್ದು ಯಾರ ಮನೆ ಎಂದು ಕೇಳುವ ಚಿತ್ರ ಕನ್ನಡದಲ್ಲೂ ಬರಬೇಕು. ಅದು ನೆಲದ ಮೇಲಿಂದ, ಎದ್ದು ಹೋದವರ ಬಾಯಲ್ಲೇ ಶುರುವಾಗಲಿ.